ತಿಮ್ಮಮ್ಮನ ತಾತ ಓಡಿಹೋದ ಕತೆ

ಮಾಗಡಿಯ ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ 'ಸುಳ್ಳು ಹೇಳಬಾರದು' ಎಂದು ಮಕ್ಕಳ ಕೈಲಿ ಕಾಪಿ ಬರೆಸಿದ ಗವಿಸಿದ್ದಯ್ಯ ಮೇಷ್ಟ್ರು ನಾನೇ. ಈಗ ನನ್ನ ಮಾನವನ್ನು ನಾನೇ ಹರಾಜಿಗಿಡುತ್ತಿದ್ದೇನೆ, ಕೇಳಿ. ನಗು ಬಂದರೆ ಧಾರಾಳವಾಗಿ ನಗಿ.

ತಿಮ್ಮಮ್ಮ ಸಾವನದುರ್ಗದ ಬುಡದಲ್ಲಿ ಕುರಿ ಸಾಕುವವಳು, ಅರವತ್ತು ದಾಟಿದ ಹೆಂಗಸು. ಅವಳ ಅಜ್ಜಿ ಹನುಮಂತಮ್ಮ, ತಾತ ಕರಿಯಯ್ಯ. ಇವರಿಬ್ಬರ ಕತೆಯನ್ನು ಅವಳು ಹಾಡಿನಲ್ಲಿ ಹೇಳುತ್ತಿದ್ದಳು. ಬರೆದುಕೊಳ್ಳುತ್ತೇನೆ ಎಂದು ಹೋದಾಗ ಕರಿ ಕಂಬಳಿ ಹಾಸಿ, ಅದರ ಮೇಲೆ ನನ್ನ ಬಲಗೈ ಇರಿಸಿದಳು.

"ಏನೂ ಕೂಡಿಸ್ಬ್ಯಾಡಿ ಮೇಷ್ಟ್ರೆ, ಏನೂ ಕಳೀಬ್ಯಾಡಿ. ಹೂಂ ಅನ್ನಿ."

ಕುರಿ ಸಾಕುವವರ ಪೈಕಿ ಕಂಬಳಿ ಮುಟ್ಟಿ ಮಾಡುವುದಕ್ಕಿಂತ ದೊಡ್ಡ ಆಣೆ ಇಲ್ಲ. ನಾನು ಓದಿದವನು ನೋಡಿ, ಏನೋ ಶಾಸ್ತ್ರ ಇರಬೇಕು ಎಂದುಕೊಂಡು ಹೂಂ ಅಂದೆ.

ಕತೆ ಇಷ್ಟೇ. ಒಂದು ರಾತ್ರಿ ಕುರಿ ರೊಪ್ಪಕ್ಕೆ ಚಿರತೆ ನುಗ್ಗಿತು. ಕರಿಯಯ್ಯ ಹೆದರಿ, ಹೆಂಡತಿಯನ್ನೂ ಕುರಿಗಳನ್ನೂ ಬಿಟ್ಟು ಬಂಡೆ ಹತ್ತಿ ಓಡಿದ. ಹನುಮಂತಮ್ಮ ಉರಿಯುವ ಕೊಳ್ಳಿ ಹಿಡಿದು ಒಬ್ಬಳೇ ನಿಂತಳು; ಅದರ ಉಗುರಿಗೆ ತೋಳು ಹರಿದರೂ ಬಿಡದೆ ಓಡಿಸಿದಳು. ಬೆಳಿಗ್ಗೆ ಗಂಡ ಇಳಿದು ಬಂದ. ಅಷ್ಟರಲ್ಲಿ ಸೇರಿದ್ದ ಊರವರಿಗೆ ಅವಳು, "ಜನಾನ ಕೂಗಿ ಅಂತ ನಾನೇ ಮ್ಯಾಲಕ್ಕೆ ಕಳಿಸ್ದೆ" ಅಂದಳು. ಆಮೇಲೆ ನಲವತ್ತು ವರ್ಷ ಬಾಳಿದರು. ಅವಳು ಉಣ್ಣದೆ ಅವನು ಒಂದು ದಿನವೂ ಮುದ್ದೆ ಮುರಿಯಲಿಲ್ಲ.

ಬರೆಯುತ್ತಾ ನನ್ನ ಕಣ್ಣು ಒದ್ದೆಯಾಗಿತ್ತು. ಅದು ಸುಳ್ಳಲ್ಲ.

ನಾನು ಬರೆದ ಕತೆಯ ಸುದ್ದಿ ಕೇಳಿ, ಅದನ್ನು ಸಿನಿಮಾ ಮಾಡುತ್ತೇವೆ ಎಂದು ಟಾಕಿ ಕಂಪನಿಯ ಏಜೆಂಟ್ ನರಸಯ್ಯ ಬೆಂಗಳೂರಿನಿಂದ ಕಾರಿನಲ್ಲಿ ಬಂದ. ತಿಮ್ಮಮ್ಮ ಸಂತೋಷವಾಗಿಯೇ ಒಪ್ಪಿದಳು. "ನಮ್ಮಜ್ಜೀನ ಮಣ್ಣು ಮಾಡಿ ಮೂವತ್ತು ವರ್ಸ ಆಯ್ತು, ಮಕವೇ ಮರ್ತೋಗೈತೆ. ಪರದೆ ಮ್ಯಾಲೆ ಒಂದು ಕಿತ ನೋಡ್ಬುಟ್ಟು ಸಾಯ್ತೀನಿ" ಅಂದಳು. ಅವಳು ಕೇಳಿದ್ದು ಅದೊಂದೇ.

ನರಸಯ್ಯ ಕತೆ ಓದಿ ಹಣೆ ಚಚ್ಚಿಕೊಂಡ. "ಲಕ್ಷ ಸುರೀತಾ ಇದ್ದೀವಿ ಸ್ವಾಮಿ! ರಾಜಪಾರ್ಟಿನ ಹೀರೋನೇ ಓಡಿಹೋದ್ರೆ ಜನ ಬೆಂಚು ಮುರಿಯಲ್ವೆ? ಅವನೇ ಚಿರತೆ ಕೊಲ್ಲಲಿ. ಅವಳು ಮೂರ್ಛೆ ಹೋಗಲಿ. ಒಂದು ಆನೆ ಇರಲಿ. ನಿಮ್ಮ ಹೆಸರು ಪರದೆ ಮೇಲೆ ಇಷ್ಟು ದೊಡ್ಡದಾಗಿ ಬರುತ್ತೆ."

ಬೇರೆ ಯಾರೋ ಕೆಡಿಸಿದರು ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಕರಿಯಯ್ಯ ಓಡಿಹೋದ ಹಾಳೆಯನ್ನು ಹರಿದವನು ನಾನು. ಮುದ್ದೆಯ ಮಾತು ಹೊಡೆದು ಹಾಕಿದವನೂ ನಾನೇ. ಒಂದೇ ವಾರದಲ್ಲಿ ಕರಿಯಯ್ಯನನ್ನು ವೀರಕುಮಾರನಾಗಿ ಮಾಡಿ, ಬರಿಗೈಲಿ ಚಿರತೆಯ ಬಾಯಿ ಸೀಳಿಸಿದೆ. ಥೂ, ನನ್ನ ಜನ್ಮಕ್ಕೆ! ದುಡ್ಡಿಗಲ್ಲ, ಹೆಸರಿಗೆ ಬಾಯಿ ಬಿಟ್ಟೆ.

ವರ್ಷ ಕಳೆದು ಟಾಕಿ ಹತ್ತಿರದ ಊರು ಕ್ಲೋಸ್‌ಪೇಟೆಯಲ್ಲಿ ಸಿನಿಮಾ ತೋರಿಸುವ ತಗಡಿನ ಶೆಡ್ಡಿಗೆ ಬಂತು. ತಿಮ್ಮಮ್ಮ ಮಡಿಸಿಟ್ಟ ಸೀರೆ ಉಟ್ಟು, ಹೂ ಮುಡಿದು, ನನ್ನ ಜೊತೆಗೇ ಬಸ್ಸು ಹತ್ತಿದಳು. ಭಾನುವಾರ ಮಧ್ಯಾಹ್ನದ ಆಟ. ಪರದೆ ಮೇಲೆ ನನ್ನ ಹೆಸರು ಬಂದಾಗ, ನಾಚಿಕೆಗೆಟ್ಟವನು, ನನ್ನ ಎದೆ ಉಬ್ಬಿತು. ಅವಳಿಗೆ ಓದಲು ಬಾರದು.

ಆನೆ ಬಂತು. ಅರಮನೆ ಬಂತು. ಬುಡ್ಡಿ ಹಚ್ಚಲು ಎಣ್ಣೆ ಇಲ್ಲದ ಗುಡಿಸಲಿನ ಹನುಮಂತಮ್ಮ ಬೇರೆ ಹೆಸರಿನಲ್ಲಿ, ಜರತಾರಿ ಉಟ್ಟು ಇಪ್ಪತ್ತು ಗೆಳತಿಯರ ನಡುವೆ ಕುಣಿದಳು. ವೀರಕುಮಾರ ಚಿರತೆ ಕೊಂದ, ಶೆಡ್ಡೆಲ್ಲ ಶಿಳ್ಳೆ. ಮೂರ್ಛೆ ತಿಳಿದೆದ್ದವಳು ಅವನ ಕಾಲಿಗೆ ಬಿದ್ದು ಹಾಡು ಹೇಳಿದಳು. ಇವರು ಒಬ್ಬರಿಗೊಬ್ಬರು ಯಾಕೆ ಬೇಕು ಎನ್ನುವುದು ಬರೆದ ನನಗೇ ತಿಳಿಯಲಿಲ್ಲ.

ತಿಮ್ಮಮ್ಮ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು, "ಚೆನ್ನಾಗೈತೆ ಮೇಷ್ಟ್ರೆ. ನಮ್ದು ಯಾವಾಗ ಸುರುವಾಯ್ತದೆ?"

ಭೂಮಿ ಬಾಯಿ ಬಿಡಬಾರದೆ ಅನಿಸಿತು. ಆಗಲಾದರೂ ನಿಜ ಹೇಳಿಬಿಟ್ಟಿದ್ದರೆ ಆಗುತ್ತಿತ್ತು.

"ಇದು ಬೇರೆ ಕತೆ ತಿಮ್ಮಮ್ಮ. ನಮ್ಮದನ್ನ ಅವರು ಕೈಬಿಟ್ಟರು" ಅಂದೆ.

ಅವಳ ಮುಖ ಬಾಡಿತು. ಆದರೂ ಹೊರಗೆ ಬಂದ ಮೇಲೆ ನನಗೇ ಸಮಾಧಾನ ಹೇಳಿದಳು. "ಓಗ್ಲಿ ಬುಡಿ. ಪಾಪ, ನೀವೇನು ಮಾಡೀರಿ? ಅಷ್ಟು ಕಷ್ಟಪಟ್ಟು ಬರ್ದಿದ್ರಿ. ಇಂತೋರ ಕೈಗೆ ನಮ್ಮಜ್ಜಿ ಸಿಕ್ಕಿದ್ರೆ ಕುಣಿಸ್ಬುಡೋರು. ನಿಮ್ಮತ್ರ ಇದ್ರೆ ಭದ್ರ." ಮಡಿಲಿನಿಂದ ಹುರಿಗಡಲೆ ತೆಗೆದು ನನ್ನ ಅಂಗೈಗೆ ಹಾಕಿದಳು. ನಾನು ತಿಂದೆ ಕಣ್ರೀ, ಒಂದು ಕಾಳೂ ಬಿಡದೆ ತಿಂದೆ.

ಮಾಗಡಿ ಬಸ್ಸು ನಿಂತಿತ್ತು. ಕಂಡಕ್ಟರ್ ಪೀರ್ ಸಾಬ್ ಟಾಕಿಯ ಹ್ಯಾಂಡ್‌ಬಿಲ್ ಆಡಿಸುತ್ತಾ ಓಡಿಬಂದ.

"ಅರೆ ಮೇಷ್ಟ್ರೇ, ಭೇಷ್! ಕತೆ ಬರೆದವರು ಮಾಗಡಿ ಗವಿಸಿದ್ದಯ್ಯ ಅಂತ ಅಚ್ಚು ಹಾಕ್ಸವ್ರೆ! ಸಾವನದುರ್ಗದ ಕುರಿಯೋರ ಕತೆ ಅಂತೆ. ಎಂಗೆ ಸೀಳ್ದ ಸ್ವಾಮಿ ಆ ಚಿರತೇನ!"

ತಿಮ್ಮಮ್ಮ ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ತಿಮ್ಮಮ್ಮ, ಅದು…"

"ಒಂದು ಮಾತ ನಿಮ್ಗೆ ಯೋಳಿರ್ನಿಲ್ಲ ಮೇಷ್ಟ್ರೆ. ಯೋಳೋಕೆ ನಾಚ್ಕೆಯಾಗಿತ್ತು. ಆ ಬೆಳಿಗ್ಗೆ ನಮ್ಮ ತಾತ ಬಂಡೆ ಇಳ್ದು ಬಂದು, ಅಜ್ಜಿ ಕೇಳೋಕೆ ಮುಂಚೇನೆ, 'ಎದ್ರಿ ಓಡೋದೆ ಕಣಮ್ಮಿ' ಅಂತಂತೆ. ಅದ್ಕೇ ನಮ್ಮಜ್ಜಿ ತಾತನ ಜೊತೆ ಬಾಳ್ತು."

ಅವಳು ಬಸ್ಸು ಹತ್ತಿ ಹೆಂಗಸರ ಸೀಟಿನಲ್ಲಿ ಕುಳಿತಳು. ಹಿಂದೆಯೇ ನಾನೂ ಹತ್ತಿದೆ. ಪೀರ್ ಸಾಬ್ ಟಿಕೆಟ್ ಹರಿಯುತ್ತಾ ಬಂದು ಅವಳನ್ನು ಕೇಳಿದ, "ಏನಮ್ಮಾ, ಮೇಷ್ಟ್ರು ನೀವು ಜೊತೇನಾ?"

"ಅಲ್ಲ ಸಾಬ್ರೆ," ಅಂದಳು ತಿಮ್ಮಮ್ಮ. "ಇವರ್ಯಾರೋ ನಂಗೆ ಗೊತ್ತಿಲ್ಲ."