ನನಗೆ ಗೊತ್ತಿರುವ ಒಂದು ಮನೆ

"ಆ ಸಕ್ಕರೆ ಡಬ್ಬಿ ಈ ಕಡೆ ಕೊಡಮ್ಮ" ಎಂದ ಬೆಳಗಿನಣ್ಣ.

ಮಗಳು ಕೊಡಲಿಲ್ಲ. ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಒಂದು ಬದಿಗೆ ಸಾಲಾಗಿ ಇಡುತ್ತಿದ್ದವಳು ಇಡುತ್ತಲೇ ಹೋದಳು. ಅವನು ಎರಡನೇ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದ. ಆಗಲೂ ಇಲ್ಲ. ಸಿಟ್ಟು ಮಾಡಿಕೊಂಡಿದ್ದಾಳೆ, ಮಾಡಿಕೊಳ್ಳಲಿ, ಅಪ್ಪನ ಮೇಲಲ್ಲದೆ ಇನ್ನಾರ ಮೇಲೆ ಮಾಡಿಕೊಂಡಾಳು ಎಂದುಕೊಂಡು ತಾನೇ ಅರ್ಧ ಎದ್ದು ಕೈ ಚಾಚಿದ. ತೋಳು ಕಣ್ಣಿಗೆ ಬಿದ್ದದ್ದೇ ತಡ, ಅವಳು ಬೆಚ್ಚಿ ಕುರ್ಚಿಸಮೇತ ಹಿಂದೆ ಸರಿದಳು. ಚಮಚ ನೆಲಕ್ಕೆ ಬಿತ್ತು.

"ಆ ಕಡೆಯಿಂದ ಹೇಳಿದ್ರೆ ಅವಳಿಗೆ ಕೇಳ್ಸಲ್ಲ ರೀ." ಒಲೆಯ ಮುಂದಿದ್ದ ಹೆಂಡತಿ ತಿರುಗದೆ ಹೇಳಿದಳು. "ಎಡಗಿವಿ ಹೋಗಿದೆ."

"ಹೋಗಿದೆ ಅಂದ್ರೆ?"

"ಹೋಗಿದೆ ಅಂದ್ರೆ ಹೋಗಿದೆ. ನಿಮ್ಮ ಅಳಿಯ ಹೊಡೆದ, ಹೋಯ್ತು. ತಮಟೆ ಹರಿದಿದೆ ಅಂದ್ರಂತೆ ಡಾಕ್ಟರು."

ಮಗಳು ಬಗ್ಗಿ ಚಮಚ ಎತ್ತಿಕೊಂಡಳು, ಒರೆಸಿದಳು, ಮೇಜಿನ ಮೇಲಿಟ್ಟಳು. ಬೆಳಗಿನಣ್ಣ ಚಹಾಕ್ಕೆ ಸಕ್ಕರೆ ಹಾಕಿ ಕಲಕಿದ. ಸಿಟ್ಟು ಬರುತ್ತದೆಂದು ಕಾದ, ಬರಲಿಲ್ಲ. ಅಳುವಾದರೂ ಬಂದೀತೇನೋ ಎಂದು ನೋಡಿದ, ಅದೂ ಇಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದ್ದೂ ಇಲ್ಲದ ಹಾಗಿರುತ್ತದಲ್ಲ, ಎದೆಯೊಳಗೆ ಅಷ್ಟೇ. ಹಿಂದಿನ ಸಂಜೆ ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ "ಬಾ, ಊಟ ಮಾಡು" ಎಂದಿದ್ದ. ನಾಲ್ಕು ದಿನ ಇದ್ದು ಹೋಗುತ್ತಾಳೆ ಅಂದುಕೊಂಡಿದ್ದ.

ಬೆಳಗಿನಣ್ಣ ಅನ್ನುವುದು ಅವನ ಹೆಸರಲ್ಲ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಚರ್ಚಿನ ಸಭೆಯವರು ನಡೆಸುವ ರೇಡಿಯೋದಲ್ಲಿ ಬೆಳಿಗ್ಗೆ ವಾರ್ತೆ ಮುಗಿದ ಕೂಡಲೇ ಬರುವ 'ಇಂದಿನ ಸುದ್ದಿ, ಎಂದಿನ ಮಾತು' ಅವನದು. ಪೇಪರಿನಲ್ಲಿ ಬಂದ ಒಂದು ಸುದ್ದಿ ಎತ್ತಿಕೊಂಡು, ಅದನ್ನು ದೇವರ ವಾಕ್ಯದ ಪಕ್ಕದಲ್ಲಿಟ್ಟು, ಲೋಕ ಎತ್ತ ಹೊರಟಿದೆ, ವಿಶ್ವಾಸಿಗಳು ಎಲ್ಲಿ ನಿಲ್ಲಬೇಕು ಎಂದು ಹೇಳುವುದು. ಲಾಟರಿ, ಸಿನಿಮಾ, ಶಾಲೆಯ ಪಾಠ, ಹುಡುಗರ ಫೋನು, ಭಾನುವಾರವೂ ಅಂಗಡಿ ತೆರೆಯಬಹುದೆನ್ನುವ ಹೊಸ ನಿಯಮ, ಅವನು ಬಿಟ್ಟ ವಿಷಯವಿಲ್ಲ. ಮಾತು ಹರಿತ, ದನಿ ಮಾತ್ರ ಮೆತ್ತಗೆ. ಪಕ್ಕದ ಮನೆಯ ಹಿರಿಯರು ಗೇಟಿನ ಹತ್ತಿರ ನಿಂತು ಮಾತಾಡಿದ ಹಾಗಿರುತ್ತದೆ ಎಂದು ಜನ ಹೇಳುತ್ತಿದ್ದರು. ಬಸ್ಸು ಓಡಿಸುವವರು, ಪಾಳಿ ಮುಗಿಸಿ ಮನೆಗೆ ಹೋಗುವ ನರ್ಸುಗಳು, ಅಂಗಡಿ ಬಾಗಿಲು ಎತ್ತುವವರು ತಪ್ಪದೆ ಕೇಳುತ್ತಿದ್ದರು.

ಪ್ರತಿ ದಿನದ ಮಾತಿನಲ್ಲೂ ಒಂದು ಜಾಗ ಬರುತ್ತಿತ್ತು. ಅಲ್ಲಿಗೆ ಬಂದಾಗ ಅವನು ದನಿ ಇನ್ನಷ್ಟು ತಗ್ಗಿಸಿ "ನನಗೆ ಗೊತ್ತಿರುವ ಒಂದು ಮನೆ…" ಎನ್ನುತ್ತಿದ್ದ. ಕೇಳುಗರಿಗೆ ಅದೆಂದರೆ ಪ್ರಾಣ. ಹೆಂಡತಿ ಮಗಳು ಅದು ಕಿವಿಗೆ ಬಿದ್ದರೆ ಕೈಲಿದ್ದ ಕೆಲಸ ನಿಲ್ಲಿಸುತ್ತಿದ್ದರು, ಏಕೆಂದರೆ ಆ ಮನೆ ಯಾವಾಗಲೂ ಇದೇ ಮನೆ. ಮಗಳು ಪರೀಕ್ಷೆಯಲ್ಲಿ ನಕಲು ಹೊಡೆದದ್ದು, ಹೆಂಡತಿ ಪಕ್ಕದವರ ಹೊಸ ಫ್ರಿಜ್ಜು ನೋಡಿ ಹೊಟ್ಟೆಕಿಚ್ಚುಪಟ್ಟದ್ದು, ಎಲ್ಲವೂ ರೇಡಿಯೋದಲ್ಲಿ ಬಂದಿತ್ತು. "ಹೆಸರು ಹೇಳಿಲ್ವಲ್ಲೇ" ಎನ್ನುತ್ತಿದ್ದ ಅವನು. "ನಮ್ಮ ಸಭೇಲಿ ಆ ಫ್ರಿಜ್ಜು ಗೊತ್ತಿಲ್ಲದೋರು ಯಾರಿದಾರೆ ಹೇಳಿ" ಎನ್ನುತ್ತಿದ್ದಳು ಹೆಂಡತಿ.

ಅವುಗಳಲ್ಲೆಲ್ಲ ಹೆಸರಾದದ್ದು ವಾಪಸ್ ಹೋದ ಹುಡುಗಿಯ ಕತೆ. ಮಗಳು ಮದುವೆಯಾದ ಮಾರನೇ ವರ್ಷ ಒಮ್ಮೆ ಅಳುತ್ತ ಬಂದಿದ್ದಳು. ಅಡಿಗೆಮನೆಯಲ್ಲಿ ತಾಯಿ ಮಗಳು ಪಿಸುಗುಟ್ಟಿದ್ದು ಪೇಪರು ಓದುತ್ತಿದ್ದವನ ಕಿವಿಗೂ ಬಿತ್ತು. ಅವನು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ತಾನೇ ಹೋಗಿ ಬಸ್ಸು ಹತ್ತಿಸಿ ಬಂದ. ಮಾರನೇ ಬೆಳಿಗ್ಗೆ ಅದನ್ನೇ ಹೇಳಿದ. ಹುಡುಗಿ ತವರಿಗೆ ಬಂದಳು, ತಂದೆ ಮಂಡಿಯೂರಿದ, ಹುಡುಗಿ ವಾಪಸ್ ಹೋದಳು, ಇವತ್ತು ಆ ಮನೆಯಲ್ಲಿ ನಗು ತುಂಬಿದೆ. ನಗು ತುಂಬಿದ್ದನ್ನು ಅವನು ನೋಡಿರಲಿಲ್ಲ. ಬಸ್ಸು ಆಗಿನ್ನೂ ಊರು ಮುಟ್ಟಿತ್ತೋ ಇಲ್ಲವೋ. ಆದರೆ ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಅನ್ನಿಸಲಿಲ್ಲ. ಕೇಳಿಕೊಂಡದ್ದು ಕೈಗೆ ಬರುವ ಮೊದಲೇ ಬಂತೆಂದು ಸ್ತೋತ್ರ ಹೇಳುವುದು ಅವರ ಸಭೆಯ ಅಭ್ಯಾಸ, ಹಾಗೆ ಹೇಳುವುದೇ ವಿಶ್ವಾಸ. ಜ್ವರದಲ್ಲಿ ನರಳುವ ಮಗುವಿನ ಪಕ್ಕ ಕೂತು "ವಾಸಿಯಾಯ್ತು, ಸ್ತೋತ್ರ" ಎನ್ನುವವರು ಅವರು. ಅವನು ಆ ಮುಂಗಡ ಸ್ತೋತ್ರವನ್ನು ನಡೆದ ಸುದ್ದಿಯೆಂದು ಓದಿಬಿಟ್ಟಿದ್ದ, ಅಷ್ಟೇ.

"ಇವತ್ತು ಆ ಕಾಯಿದೆ ಬಗ್ಗೆನಾ ಅಪ್ಪ?" ಎಂದಳು ಮಗಳು, ಮುಖವನ್ನು ಪೂರ್ತಿ ಅವನ ಕಡೆ ತಿರುಗಿಸಿಕೊಂಡು. ವಿಚ್ಛೇದನಕ್ಕೆ ಹೆಚ್ಚು ಕಾಯಿಸಬಾರದು, ಒಬ್ಬರೇ ಬೇಡವೆಂದರೂ ಸಾಕು ಎನ್ನುವ ಮಸೂದೆ ಆ ದಿನ ಶಾಸನಸಭೆಗೆ ಬರುವುದಿತ್ತು. ವಾರವಿಡೀ ಪೇಪರುಗಳಲ್ಲಿ ಅದೇ.

"ಹೂಂ."

"ನನ್ನ ಕತೆ ಹೇಳ್ಬೇಡಿ."

"ಹೆಸರು ಹೇಳಲ್ವಲ್ಲಮ್ಮ ನಾನು."

"ಅದು ಅವರ ಫೋನಲ್ಲಿದೆ ಅಪ್ಪ. ನಾನು ಬಾಯಿ ತೆಗೆದಾಗೆಲ್ಲ ಹಾಕೋರು. ಅಡಿಗೆಮನೆಗೇ ತಂದಿಟ್ಟು, ಕೇಳು, ನಿಮ್ಮಪ್ಪನೇ ಹೇಳ್ತಿದಾರೆ ಅನ್ನೋರು. ಹೊಡೆದ ದಿನಾನೂ ಅದೇ ಓಡ್ತಾ ಇತ್ತು." ಅಂಗಡಿಯಲ್ಲಿ ಯಾವ ಸಾಮಾನು ಸಿಗಲಿಲ್ಲವೆಂದು ಹೇಳುವವಳ ದನಿಯಲ್ಲಿ ಹೇಳಿದಳು. "ಈ ಕಿವಿ ಕೊನೇಲಿ ಕೇಳಿದ್ದು ನಿಮ್ಮ ದನಿನೇ."

ಹೆಂಡತಿ ಒಲೆ ಆರಿಸಿದಳು. ಬೆಳಗಿನಣ್ಣ ಲೋಟ ತೊಳೆದಿಟ್ಟು, ಕತ್ತರಿಸಿಟ್ಟಿದ್ದ ಪೇಪರಿನ ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೊರಟ.

ಸ್ಟುಡಿಯೋ ಇದ್ದದ್ದು ಸಭೆಯ ಕಟ್ಟಡದ ಮಹಡಿಯಲ್ಲಿ. ಹಿಂದೆ ಅದು ಮುರಿದ ಬೆಂಚುಗಳನ್ನು ಒಟ್ಟುವ ಕೋಣೆ. ಸದ್ದು ತಡೆಯಲು ಗೋಡೆಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿ, ಕಿಟಕಿಗೆ ದಪ್ಪ ಪರದೆ ಬಿಟ್ಟು, ನಡುವೆ ಗಾಜಿನ ಗೋಡೆಯೊಂದನ್ನು ಎಬ್ಬಿಸಿದ್ದರು. ಗಾಜಿನ ಆಚೆ ಕೂರುವವಳನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಗೊತ್ತಿದ್ದವಳು ಅವಳೊಬ್ಬಳೇ. "ಗುಂಡಿ ಅಂದ್ರೆ ಬಟನ್ನು, ಹಳ್ಳ ಅಲ್ಲ" ಎಂದು ಹೊಸಬರಿಗೆಲ್ಲ ಅವಳೇ ಮೊದಲು ಹೇಳಿಬಿಡುತ್ತಿದ್ದಳು.

"ಮುಖ ಯಾಕಣ್ಣ ಹಿಂಗಿದೆ? ನಿದ್ದೆ ಇಲ್ವಾ?"

"ಚೆನ್ನಾಗೇ ನಿದ್ದೆ ಬಂತು" ಎಂದ. ನಿಜಕ್ಕೂ ಬಂದಿತ್ತು.

"ಆ ಮೌನದ ಯಂತ್ರ ರಿಪೇರಿ ಆಗಿ ಬಂದಿದೆ. ಹುಷಾರು, ಜಾಸ್ತಿ ಹೊತ್ತು ಸುಮ್ಮನಿದ್ರೆ ತಾನೇ ಹಾಡು ಹಾಕ್ಬಿಡತ್ತೆ. ನಮ್ಮತ್ತೆ ಥರ, ಮನೇಲಿ ಸದ್ದಿಲ್ಲ ಅಂದ್ರೆ ಅದಕ್ಕೆ ಭಯ."

ಅಷ್ಟರಲ್ಲಿ ನಿರ್ದೇಶಕರು ಬಾಗಿಲಿಂದ ತಲೆ ತೂರಿಸಿದರು. ರೇಡಿಯೋದ ಆಡಳಿತವೆಲ್ಲ ಅವರದು. ಒಳ್ಳೆಯ ಮನುಷ್ಯ, ಯಾವಾಗಲೂ ಅವಸರ. "ಅಣ್ಣ, ಇವತ್ತು ಆ ಮನೆ ಬೇಕೇ ಬೇಕು. ವಾಪಸ್ ಹೋದ ಹುಡುಗಿ. ಶಾಸನಸಭೆಯಲ್ಲಿ ನಮ್ಮವರು ಇಬ್ಬರು ಇದಾರೆ, ಕೇಳ್ತೀವಿ ಅಂದಿದಾರೆ. ಮಧ್ಯಾಹ್ನ ಮರುಪ್ರಸಾರ ಬೇರೆ ಇಟ್ಕೊಂಡಿದೀನಿ."

ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ಗೊತ್ತಿರಲಿಲ್ಲ. ನಿರ್ದೇಶಕರು ಹೌದೆಂದು ತಿಳಿದು ಹೋದರು.

ಕೆಂಪು ದೀಪ ಹತ್ತಿತು. ಅವನು ಶುರುಮಾಡಿದ. ಮಾತು ಎಂದಿನಂತೆ ಬಂತು, ಅದೇ ವಿಚಿತ್ರ. ಸರಕಾರ ಕಟ್ಟದೇ ಇದ್ದದ್ದನ್ನು ಸರಕಾರ ಬಿಚ್ಚುವುದು ಹೇಗೆ ಎಂದ. ಮದುವೆ ಒಪ್ಪಂದವಲ್ಲ, ಒಡಂಬಡಿಕೆ ಎಂದ. ಬಿಡುವುದು ಸುಲಭವಾದ ಕಡೆ ಸಹಿಸುವುದನ್ನು ಯಾರು ಕಲಿತಾರು ಎಂದ. ಒಂದೊಂದು ಮಾತನ್ನೂ ಅವನು ಈಗಲೂ ನಂಬುತ್ತಿದ್ದ. ಗಾಜಿನ ಆಚೆ ಗುಂಡಿಯಕ್ಕ ಹೆಬ್ಬೆರಳು ಎತ್ತಿ ತೋರಿಸಿದಳು. ನಾಲಗೆ ತನ್ನ ಪಾಡಿಗೆ ತಾನು ದಾರಿ ಹಿಡಿದು ಹೋಯಿತು, ಆ ಜಾಗಕ್ಕೂ ಬಂತು.

"ನನಗೆ ಗೊತ್ತಿರುವ ಒಂದು ಮನೆ" ಎಂದ, ದನಿ ತಗ್ಗಿಸಿ. "ಆ ಮನೆಯ ಹುಡುಗಿ ಒಂದು ದಿನ ಅಳುತ್ತ ತವರಿಗೆ ಬಂದಳು. ತಂದೆ ಮಂಡಿಯೂರಿದ. ಹುಡುಗಿ ವಾಪಸ್ ಹೋದಳು. ಇವತ್ತು ಆ ಮನೆಯಲ್ಲಿ…"

ಮಾತು ನಿಂತಿತು. ನಿಲ್ಲಿಸಬೇಕೆಂದು ಅವನೇನೂ ತೀರ್ಮಾನ ಮಾಡಿರಲಿಲ್ಲ. ಮುಂದಿನ ಪದ ಯಾವುದೆಂದು ಚೆನ್ನಾಗಿ ಗೊತ್ತಿತ್ತು, ಬಾಯಿಯೂ ತೆರೆದೇ ಇತ್ತು, ಪದ ಬರಲಿಲ್ಲ. ತಟ್ಟೆಯ ಬದಿಗೆ ಸಾಲಾಗಿಟ್ಟ ಬ್ರೆಡ್ಡಿನ ಅಂಚುಗಳು ಕಣ್ಣಿಗೆ ಕಟ್ಟಿದವು. ಗುಂಡಿಯಕ್ಕ ಮಾತಾಡಿ ಎಂದು ಕೈಸನ್ನೆ ಮಾಡಿದಳು. ಅವನು ಅವಳ ಬೆರಳುಗಳನ್ನೇ ನೋಡುತ್ತ ಕೂತ. ಕೊನೆಗೆ ಯಂತ್ರಕ್ಕೆ ಭಯವಾಯಿತು, ಮಕ್ಕಳ ಗುಂಪು ಹಾಡಿದ ಸ್ತುತಿಗೀತೆಯೊಂದು ತಾನೇ ಹೊರಟಿತು.

ಫೋನು ಹೊಡೆದುಕೊಳ್ಳತೊಡಗಿತು. ಕೇಳುಗರಿಗೆಲ್ಲ ಲೈನು ಕೆಟ್ಟಿತೆಂಬ ಅನುಮಾನ. ನಿರ್ದೇಶಕರೂ ಕೆಳಗಿನಿಂದ ಫೋನಿನಲ್ಲಿ ಅದನ್ನೇ ಅಂದರು. "ಲೈನ್ ಕೈಕೊಡ್ತಾ? ಹೋಗ್ಲಿ ಬಿಡಿ, ಮಧ್ಯಾಹ್ನ ಹಳೇದನ್ನೇ ಹಾಕಿಬಿಡಿ. ಅದು ಇನ್ನೂ ಚೆನ್ನಾಗಿದೆ." ಗುಂಡಿಯಕ್ಕ "ಆಯ್ತು ಸಾರ್" ಎಂದು ಫೋನಿಟ್ಟು ಅವನ ಮುಖ ನೋಡಿದಳು.

"ಲೈನ್ ಸರಿಯಾಗೇ ಇತ್ತಲ್ಲಣ್ಣ."

"ಹೂಂ. ಆ ಹಳೇದು ನಿನ್ ಹತ್ರ ಎಲ್ಲಿದೆ?"

"ಇಲ್ಲೇ ಇದೆ."

"ಅಳಿಸಿಬಿಡು."

"ಅಳಿಸಿದ್ರೆ ವಾಪಸ್ ಬರಲ್ಲ. ಇದೊಂದೇ ಇರೋದು."

"ಬರೋದು ಬೇಡ."

"ಸಾರ್ ಕೇಳಿದ್ರೆ?"

"ಬೆಳಗಿನಣ್ಣ ಅಳಿಸು ಅಂದ ಅನ್ನು. ನಾಳೆಯಿಂದ ಬರಬೇಡ ಅಂದ್ರೆ ಬರಲ್ಲ."

ಗುಂಡಿಯಕ್ಕ ಪರದೆಯ ಮೇಲೆ ಆ ಕತೆಯನ್ನು ಹುಡುಕಿ ತೆಗೆದಳು. ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. "ನಮ್ಮ ತಂಗಿ ಇದನ್ನ ಕೇಳೇ ಗಂಡನ ಮನೆಗೆ ವಾಪಸ್ ಹೋದ್ಲು, ಗೊತ್ತಾ? ನಾನೇ ಕೇಳಿಸಿದ್ದು."

"ಚೆನ್ನಾಗಿದಾಳಾ?"

"ಇರಬೇಕು. ಫೋನ್ ಮಾಡಿದ್ರೆ ಚೆನ್ನಾಗಿದೀನಿ ಅಂತಾಳೆ." ಪರದೆಯ ಕಡೆಗೇ ನೋಡುತ್ತ, "ಹೋಗಿ ನೋಡಿಲ್ಲ" ಎಂದಳು.

"ಹೋಗಿ ನೋಡು" ಎಂದ ಬೆಳಗಿನಣ್ಣ.

ಅವಳು ಅವನನ್ನು ನೋಡಿದಳು. ಗುಂಡಿ ಒತ್ತಿದಳು. ಒಂದು ಸಣ್ಣ ಸದ್ದೂ ಆಗಲಿಲ್ಲ. "ಜನರ ಫೋನಲ್ಲಿರೋದನ್ನ ಏನು ಮಾಡ್ತೀರಣ್ಣ?" ಎಂದಳು ಆಮೇಲೆ. ಅವನು ಪೇಪರಿನ ಚೂರುಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಎದ್ದ.

ಮೆಟ್ಟಿಲಲ್ಲಿ ನಿರ್ದೇಶಕರು ಎದುರಾದರು. "ಮೈ ಹುಷಾರಿಲ್ವಾ ಅಣ್ಣ? ನಾಳೆ ಪೂರ್ತಿ ಹೇಳಿಬಿಡಿ. ಮಸೂದೆ ಇನ್ನೂ ಚರ್ಚೇಲೇ ಇರತ್ತೆ. ಆ ಮನೆ ಬಗ್ಗೆ…"

"ಆ ಮನೆ ನನಗೆ ಗೊತ್ತಿಲ್ಲ ಸಾರ್" ಎಂದ. ನಿರ್ದೇಶಕರು ತಮಾಷೆಯೆಂದು ತಿಳಿದು ನಕ್ಕು, ಅವನು ನಗದಿದ್ದುದನ್ನು ಕಂಡು ಬದಿಗೆ ಸರಿದು ದಾರಿ ಬಿಟ್ಟರು.

ಮನೆಗೆ ನೇರವಾಗಿ ಹೋಗಲು ಕಾಲು ಬರಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬಸ್ಸುಗಳನ್ನು ನೋಡಿದ. ಅವಳನ್ನು ಹತ್ತಿಸಿದ್ದು ಇಲ್ಲೇ. ಕಿಟಕಿಯಿಂದ ಅವಳು ಏನೋ ಹೇಳಿದ್ದಳು, ಇಂಜಿನ್ನಿನ ಸದ್ದಿನಲ್ಲಿ ಕೇಳಿರಲಿಲ್ಲ, ಅವನು ಕೈ ಬೀಸಿ "ಸ್ತೋತ್ರ, ಸ್ತೋತ್ರ" ಎಂದಿದ್ದ. ಅವಳು ಏನು ಹೇಳಿದ್ದಳೆಂದು ಈಗ ಕೇಳಬಹುದು. ಕೇಳಲು ಹೆದರಿಕೆಯಾಯಿತು. ಬೆಳಗಿನಿಂದ ಅವನಿಗೆ ಏನಾದರೂ ಅನ್ನಿಸಿದ್ದರೆ ಅದೊಂದೇ.

ಮನೆ ಸೇರಿದಾಗ ಮಧ್ಯಾಹ್ನವಾಗಿತ್ತು. ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಗಳು ಮೇಜಿನ ಮುಂದೆ ರೇಡಿಯೋವನ್ನು ಬಲಗಿವಿಯ ಪಕ್ಕಕ್ಕೆ ಎಳೆದುಕೊಂಡು ಕೂತಿದ್ದಳು. ಮರುಪ್ರಸಾರದ ಹೊತ್ತು. ಎರಡೂ ಕೈಗಳಿಂದ ಮೇಜಿನ ಅಂಚು ಹಿಡಿದಿದ್ದಳು. ಅವನು ಒಳಗೆ ಬಂದದ್ದು ಅವಳಿಗೆ ಕೇಳಲಿಲ್ಲ.

ರೇಡಿಯೋದಲ್ಲಿ ಮಕ್ಕಳು ಹಾಡುತ್ತಿದ್ದರು. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು, ಅದು ಮುಗಿದು ಮತ್ತೊಂದು. "ಹಾಡೇ ಬರ್ತಿದೆ ಅಮ್ಮ" ಎಂದಳು ಮಗಳು.

"ಬರ್ಲಿ ಬಿಡು" ಎಂದಳು ಹೆಂಡತಿ. ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿ, ಮಡಿಸಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದಳು. ಎದ್ದು ಹೋಗಿ ಚಹಾ ತಂದು ಮೇಜಿನ ಮೇಲಿಟ್ಟಳು.

ಬೆಳಗಿನಣ್ಣನ ಕುರ್ಚಿ ಇದ್ದದ್ದು ಮಗಳ ಎಡಕ್ಕೆ. ತನ್ನ ಮದುವೆಯಾದಾಗಿನಿಂದಲೂ ಅವನು ಕೂರುವ ಜಾಗ ಅದೇ. ಅದರ ಬೆನ್ನು ಹಿಡಿದು ಒಂದು ಗಳಿಗೆ ನಿಂತ. ಆಮೇಲೆ ಕುರ್ಚಿಯನ್ನು ಎತ್ತಿಕೊಂಡ. ನೆಲಕ್ಕೆ ಕೆರೆಯದ ಹಾಗೆ, ಅವಳಿಗೆ ದೂರದಿಂದಲೇ ಕಾಣುವ ಹಾಗೆ, ಮೇಜನ್ನು ಪೂರ್ತಿ ಸುತ್ತಿ ಬಲಗಡೆಗೆ ತಂದಿಟ್ಟು ಕೂತ. ರೇಡಿಯೋದ ದನಿ ತಗ್ಗಿಸಿದ.

"ಸಕ್ಕರೆ ಡಬ್ಬಿ ಈ ಕಡೆ ಕೊಡಮ್ಮ" ಎಂದ, ಮೆಲ್ಲಗೆ.

ಮಗಳು ಕೊಟ್ಟಳು.