ಮೃತ್ಯುಂಜಯನ ಪಿಕ್ಚರು

ಎದುರಿಗೆ ಸಿಕ್ಕವರ ಕ್ಷೇಮಸಮಾಚಾರ ಮುಗಿಯುವುದಕ್ಕೂ ಬಿಡದೆ, ಮೃತ್ಯುಂಜಯ ತಲೆಯನ್ನು ತುಸು ಎಡಕ್ಕೆ ವಾಲಿಸಿ, ಆಸ್ತಿ ವ್ಯಾಜ್ಯ ವಿಚಾರಿಸುವವನ ಗಾಂಭೀರ್ಯದಿಂದ ಕೇಳುತ್ತಿದ್ದ: “ಅದ್ ಹಂಗಿರ್ಲಿ, ಆ ಪಿಕ್ಚರ್ ನೋಡಿದ್ರಾ?” ಕಡೂರಿನ ಅವನ ಕೊಬ್ಬರಿ ಅಂಗಡಿಗೆ ಬಂದವರೂ, ಸಖರಾಯಪಟ್ಟಣದ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರೂ, ಒಮ್ಮೆ ಅವನ ಹಲ್ಲು ಕೀಳಲು ಇಕ್ಕಳ ಹಿಡಿದು ನಿಂತಿದ್ದ ಡಾಕ್ಟರೂ ಈ ಪ್ರಶ್ನೆಯಿಂದ ಪಾರಾಗಿರಲಿಲ್ಲ.

ಆ ಪಿಕ್ಚರೆಂದರೆ, ನಾನೂ ಅವನೂ ಒಟ್ಟಿಗೆ ಕಾಲೇಜಿನಲ್ಲಿದ್ದಾಗ ತರೀಕೆರೆಯ ಟಾಕೀಸಿಗೆ ಬಂದು, ವಾರ ತುಂಬುವ ಮೊದಲೇ ಎತ್ತಂಗಡಿಯಾದ ಒಂದು ಇಂಗ್ಲಿಷ್ ಚಿತ್ರ. ಸೂರ್ಯನ ಬೆಳಕೂ ತಲುಪದ ದೂರದಲ್ಲಿ ಒಂದು ಅಂತರಿಕ್ಷ ನೌಕೆ. ಅದರಲ್ಲಿ ಬದುಕಿ ಉಳಿದವಳು ಒಬ್ಬಳೇ ಹೆಂಗಸು. ಬೀಗ ಜಡಿದ ಕೋಣೆಯೊಳಗಿನಿಂದ, ಸತ್ತ ಜೊತೆಗಾರರ ದನಿಯಲ್ಲಿ, ಏನೋ ಒಂದು ಅವಳನ್ನು ಹೆಸರು ಹಿಡಿದು ಕರೆಯುತ್ತದೆ. ಕೊನೆಗೆ ಅವಳು ಬಾಗಿಲು ತೆರೆಯುತ್ತಾಳೆ, ಪರದೆ ಕಪ್ಪಾಗುತ್ತದೆ. ನಾನು ಆಕಳಿಸಿದೆ. ಮೃತ್ಯುಂಜಯ ಮಾತ್ರ ಹೊರಗೆ ಬಂದ ಮೇಲೂ, ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವವನಂತೆ ಹೆಜ್ಜೆ ಊರಿ ಊರಿ ನಡೆದ. ಆ ನಡಿಗೆ ಅವನಿಗೆ ಕಾಯಂ ಆಗಿ ಅಂಟಿಕೊಂಡಿತು. ನೌಕೆಯವರು ತೊಡುವಂಥದೇ ಬೂದುಬಣ್ಣದ ಕೋಟೊಂದನ್ನು ಅಜ್ಜಂಪುರದ ದರ್ಜಿಯಿಂದ ಹೊಲಿಸಿಕೊಂಡು, ಬೇಸಿಗೆ ಚಳಿಗಾಲವೆನ್ನದೆ ತೊಟ್ಟ. ವರ್ಷಗಳುರುಳಿದಂತೆ ಅಂತರಿಕ್ಷದ ಆ ಕೋಟಿಗೆ ಕೊಬ್ಬರಿಯ ಜಿಡ್ಡುವಾಸನೆ ಹತ್ತಿತು.

ನಾನು ಪತ್ರಿಕೆಗಳಿಗೆ ಚಿತ್ರವಿಮರ್ಶೆ ಬರೆಯುವವನು. ಆದರೂ ಯಾವ ಚಿತ್ರವೂ ನನ್ನನ್ನು ಹಾಗೆ ಹಿಡಿದು ಅಲುಗಿಸಿದ್ದಿಲ್ಲ. ಅವನು ಮಾತೆತ್ತಿದಾಗಲೆಲ್ಲ ನನ್ನೆದೆಯಲ್ಲೊಂದು ಸಣ್ಣ ಉರಿ ಏಳುತ್ತಿತ್ತು. ಅವನ ಮಾತು ಕೇಳಿ ಒಬ್ಬರೂ ಅದನ್ನು ನೋಡುತ್ತಿಲ್ಲವೆಂಬುದು ಆ ಉರಿಗೆ ತಣ್ಣೀರು.

ಅವನ ಹೆಂಡತಿ ಸಂಗೀತಾ ಕೂಡ ನೋಡಿರಲಿಲ್ಲ. ಹೋದ ವರ್ಷ ಕಾಲು ಮುರಿದುಕೊಂಡು ಮಂಚ ಹಿಡಿದಾಗ, ಬೇಸರ ಕಳೆಯಲು ಫೋನಿನಲ್ಲಿ ಹುಡುಕಿ ನೋಡಿದಳು. ನಾನು ವಿಚಾರಿಸಲು ಹೋದ ದಿನ ಮೃತ್ಯುಂಜಯನ ಸಂಭ್ರಮ ಹೇಳತೀರದು.

“ಕೊನೆಗೂ ನೋಡಿದ್ಲು ಕಣೋ. ಎಷ್ಟ್ ಹೆದರಿದ್ಲು ಕೇಳು,” ಎಂದ, ತಾನೇ ಕಾಫಿ ತಂದುಕೊಡುತ್ತ.

“ಹೆದರಿಕೆ ಆಗ್ಲಿಲ್ಲ ಅಣ್ಣಾ, ಅಳು ಬಂತು,” ಎಂದಳು ಸಂಗೀತಾ. “ಒಳಗಿರೋದು ದೆವ್ವ ಅಂತ ಅವ್ಳಿಗೆ ಚೆನ್ನಾಗ್ ಗೊತ್ತು. ಗೊತ್ತಿದ್ದೇ ಬಾಗ್ಲು ತೆಗೀತಾಳೆ. ಅವ್ಳನ್ನ ಮಾತಾಡಿಸೋರು ಇನ್ಯಾರೂ ಇರ್ಲಿಲ್ವಲ್ಲ.”

ಭಯದಿಂದ ಬುದ್ಧಿಗೆಟ್ಟು ತೆಗೆದಳೆಂಬುದು ಮೃತ್ಯುಂಜಯನ ಇಷ್ಟು ವರ್ಷಗಳ ಸಿದ್ಧಾಂತ. “ಅದ್ಯಾವ ಪಿಕ್ಚರ್ ನೋಡಿದ್ಯೋ ನೀನು,” ಎಂದು ಎದ್ದುಹೋದ.

ಕಾಲು ನೋಡಲು ಬಂದ ಹೆಂಗಸರಿಗೆಲ್ಲ ಸಂಗೀತಾ ಆ ಕಥೆ ಹೇಳಿದಳು. ಅವರೂ ನೋಡಿದರು, ತಮ್ಮವರಿಗೂ ತೋರಿಸಿದರು. ಬೀದಿಯಲ್ಲಿ ಅದು ‘ಸಂಗೀತಕ್ಕನ ಪಿಕ್ಚರ್’ ಆಗಿಹೋಯಿತು. ಮೃತ್ಯುಂಜಯ ‘ನೋಡಿದ್ರಾ’ ಎಂದು ಕೇಳುವುದನ್ನೇ ಬಿಟ್ಟ. ಅಂಗಡಿಯಲ್ಲಿ ಯಾರಾದರೂ ಅದರ ಸುದ್ದಿ ತೆಗೆದರೆ ತಕ್ಕಡಿಯತ್ತ ತಿರುಗುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತರೂ ಮುಖ ಗೋಡೆಯ ಕಡೆ.

ಒಂದು ಸಂಜೆ ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ ನಿಂತು ಅವನು ಬಾಯಿಬಿಟ್ಟ. “ಮತ್ತೆ ಮತ್ತೆ ನೋಡ್ದೆ ಕಣೋ, ಅವ್ಳು ಹೇಳಿದ್ದು ತಪ್ಪು ಅಂತ ತೋರ್ಸಣ ಅಂತ. ಆಗ್ತಾ ಇಲ್ಲ. ನಂಗ್ ಕಾಣ್ದೇ ಇದ್ದಿದ್ದು ಅವ್ಳಿಗೆ ಹೆಂಗ್ ಕಂಡ್ತು?”

“ಅವ್ಳನ್ನೇ ಕೇಳು,” ಎಂದೆ.

ಮನೆಗೆ ಬಂದವನೇ ಕೇಳಿದ, ನನ್ನೆದುರಿಗೇ ಕೇಳಿದ. ಸಂಗೀತಾ ಹೇಳಿದಳು: “ದಿನಾ ಊರೋರ್‌ನೆಲ್ಲ ಮಾತಾಡಿಸ್ಕೊಂಡು ಬಂದು, ಇಲ್ಲಿ ಉಂಡು ಮಲಗ್ತಿದ್ರಿ. ಆ ಹೆಂಗ್ಸಿನ ಕಷ್ಟ ನಂಗ್ ತಿಳೀದೆ ಇನ್ಯಾರಿಗ್ ತಿಳೀತದೆ ಕಣ್ರೀ?”

ಅವನು ಫೋನ್ ಎತ್ತಿ ಅವಳ ಕೈಗಿಟ್ಟ. “ಇನ್ನೊಂದ್ಸಲ ಹಾಕು. ಜೊತೇಲಿ ನೋಡಣ,” ಎಂದ. ಅವಳು ತುಸು ಸರಿದು ಮಂಚದ ಮೇಲೆ ಜಾಗ ಮಾಡಿಕೊಟ್ಟಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಮರುದಿನ ಫೋನ್ ಮಾಡಿದ. “ಅವ್ಳು ಹೇಳಿದ್ದೇ ಸರಿ ಕಣೋ.” ಫೋನ್ ಇಡುವ ಮುನ್ನ ಸೇರಿಸಿದ: “ಆದ್ರೂ ಮೊದ್ಲು ನೋಡಿದ್ದು ನಾನು.”

ಲೋಕ ಕೈಬಿಟ್ಟ ಒಂದನ್ನು ಎದೆಗವಚಿಕೊಂಡ ಇಂಥವರು, ಜೊತೆಗೆ ಯಾರಾದರೂ ಬನ್ನಿ ಎಂದು ಬೀದಿಬೀದಿಯಲ್ಲಿ ಕರೆಯುತ್ತಾರೆ. ಬಂದವರು ತಮಗಿಂತ ಒಂದು ಹೆಜ್ಜೆ ಮುಂದೆ ಹೋದರೋ, ಒಳಗೇ ಕುದಿಯುತ್ತಾರೆ. ಆ ಕುದಿತವೂ ಅವರ ಪ್ರೀತಿಯದೇ ಒಂದು ಪಾಲು. ಹಾಗೆ ಕುದಿಯಲು ಸ್ವಂತದ್ದೊಂದು ವಸ್ತುವೂ ಇಲ್ಲದ ನನ್ನಂಥವರು, ದೂರ ನಿಂತು ಅವರನ್ನು ಕಂಡು ಕರುಬುತ್ತೇವೆ.