ಆಹಾ ಎಂದವನು

ನಮ್ಮ ಭಾನುವಾರದ ಕೂಟಕ್ಕೆ ಇದ್ದದ್ದು ಒಂದೇ ಕಟ್ಟಳೆ. ಶನಿವಾರ ಸಂಜೆ ಸಂಗೀತ ಕಛೇರಿ ಮುಗಿದು ಸಭಾಂಗಣದ ಬಾಗಿಲು ದಾಟಿದೆವೋ, ಬಾಯಿಗೆ ಬೀಗ. ದಾರಿಯಲ್ಲಿ ಮೊಣಕಾಲು ನೋವಿನ ಬಗ್ಗೆ, ಹಿಂದಿನ ಸಾಲಿನವರ ಕೆಮ್ಮಿನ ಬಗ್ಗೆ ಬೇಕಾದಷ್ಟು ಮಾತಾಡಬಹುದು, ಹಾಡಿನ ಬಗ್ಗೆ ಮಾತ್ರ ಚಕಾರ ಎತ್ತುವಂತಿಲ್ಲ. ಮರುದಿನ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಎಲ್ಲರೂ ಕೂತು, ನಮ್ಮ ಭಾವ "ಹೇಗಿತ್ತು?" ಎಂದು ಕೇಳಿದ ಮೇಲೆಯೇ ಬೀಗ ತೆಗೆಯಬೇಕು. ಕಟ್ಟಳೆ ಮಾಡಿದವರೂ ಅವರೇ. ಬಿಸಿಬಿಸಿಯಲ್ಲಿ ಆಡುವುದು ಬರೀ ಸದ್ದು, ರಾತ್ರಿ ಕಳೆದು ಬೆಳಿಗ್ಗೆಗೂ ಒಳಗೆ ಉಳಿದದ್ದೇ ನಾವು ನಿಜವಾಗಿ ಕೇಳಿದ್ದು ಎನ್ನುವುದು ಅವರ ವಾದ.

ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಭಾನುವಾರ ಗಿರಾಕಿಗಳಿಲ್ಲ. ಗಾಜು ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ, ಮರದ ಪುಡಿ ಗುಡಿಸಿ, ನಾಲ್ಕು ಸ್ಟೂಲು ಹಾಕಿದರೆ ಕೂಟ ಸಿದ್ಧ. ಬರುವವರು ಮೂವರು. ಲೆಕ್ಕದ ಮೇಷ್ಟ್ರು ನಿವೃತ್ತರಾಗಿ ಎಷ್ಟೋ ಕಾಲವಾದರೂ ತಪ್ಪಿಗೆ ಕೆಂಪು ಗೆರೆ ಎಳೆಯುವ ಚಟ ಬಿಟ್ಟವರಲ್ಲ. ಹಲ್ಲಿನ ಡಾಕ್ಟರಮ್ಮ ಹಾಡುವವರ ದವಡೆ ನೋಡಲಿಕ್ಕೇ ಕಛೇರಿಗೆ ಬರುತ್ತಾರೆಂದು ನಾವು ರೇಗಿಸುತ್ತಿದ್ದೆವು. ಮೂರನೆಯವರು ಭಾವ, ತೀರಿಹೋದ ನನ್ನ ಅಕ್ಕನ ಗಂಡ. ನನಗೆ ಸಂಗೀತದ ಹುಚ್ಚು ಹಿಡಿಸಿದವರು ಅವರೇ.

ಭಾವ ಛಾಪಖಾನೆಯಲ್ಲಿ ಯಂತ್ರ ನಡೆಸುತ್ತಿದ್ದವರು. ಆ ಯಂತ್ರದ ಗದ್ದಲಕ್ಕೆ ಅಲ್ಲಿಯವರ ಕಿವಿಗಳೆಲ್ಲ ಒಂದೊಂದಾಗಿ ಹೋಗಿದ್ದವು. ಭಾವ ಮಾತ್ರ ದಿನಾ ಕೆಲಸಕ್ಕೆ ನಿಲ್ಲುವ ಮೊದಲು ಎರಡು ಕಿವಿಗೂ ಹತ್ತಿ ತುರುಕಿಕೊಳ್ಳುತ್ತಿದ್ದರು. ಜೊತೆಯವರು "ಹತ್ತಿ ಬಂದ, ಹತ್ತಿ ಹೋದ" ಎಂದು ಆಡಿಕೊಂಡರು. ಹೆಸರು ಅಂಟಿಕೊಂಡಿತು, ಅವರು ತಲೆ ಕೆಡಿಸಿಕೊಳ್ಳಲಿಲ್ಲ. "ನಿಮಗೆ ಸಂಬಳಕ್ಕೆ ಕೈ ಇದ್ರೆ ಸಾಕು, ನನಗೆ ಶನಿವಾರಕ್ಕೆ ಕಿವಿ ಬೇಕು" ಎನ್ನುತ್ತಿದ್ದರಂತೆ. ಅಕ್ಕ ಇದನ್ನು ನಗುನಗುತ್ತ ಹೇಳುತ್ತಿದ್ದಳು. ಅಕ್ಕ ಹೋದ ಮೇಲೆ ಅವರಿಗೆ ಉಳಿದದ್ದು ಶನಿವಾರದ ಹಾಡು ಮತ್ತು ಭಾನುವಾರದ ಮಾತು, ಅಷ್ಟೇ.

ಒಂದೆರಡು ವರ್ಷದಿಂದ ಭಾವನ ಮೇಲೆ ನನಗೆ ಸಿಟ್ಟು ಬರತೊಡಗಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ, ಒಪ್ಪುತ್ತೇನೆ, ಆದರೆ ಕಾರಣವೂ ಇತ್ತು. ಸ್ವರ ಹದವಾಗಿ ಕೂರುವುದು ಹಿಂದೆಯೇ ಎಂದು ಎಲ್ಲರನ್ನೂ ಕೊನೆಯ ಸಾಲಿಗೆ ಎಳೆದುಕೊಂಡು ಹೋಗುತ್ತಿದ್ದ ಮನುಷ್ಯ ಈಗ ನಮ್ಮನ್ನು ಬಿಟ್ಟು ಒಬ್ಬರೇ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಭಾನುವಾರ ಎಲ್ಲರಿಗಿಂತ ಮೊದಲು ಮಾತಾಡುತ್ತಿದ್ದವರು ಈಗ "ಮೊದ್ಲು ನೀವು ಹೇಳಿ" ಎಂದು ನಮ್ಮೆಲ್ಲರ ಮುಖವನ್ನೇ ನೋಡುತ್ತ ಕೂತು, ಕೊನೆಯಲ್ಲಿ ನಾವು ಹೇಳಿದ್ದನ್ನೇ ತುಸು ಚಂದ ಮಾಡಿ ಹೇಳುತ್ತಿದ್ದರು. ರಸ್ತೆಯಲ್ಲಿ ಹಿಂದಿನಿಂದ ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ವಯಸ್ಸಾದಂತೆ ಗತ್ತು ಬಂದಿದೆ ಎಂದುಕೊಂಡು ನಾನೂ ಮುಖ ಗಂಟು ಹಾಕಿಕೊಂಡೇ ಇದ್ದೆ.

ಆ ಶನಿವಾರ ಹಾಡಿದವರು ದೊಡ್ಡಮ್ಮ. ಯಾರ ದೊಡ್ಡಮ್ಮನೂ ಅಲ್ಲ, ನಮ್ಮ ನಮ್ಮಲ್ಲಿ ಆ ಹಿರಿಯ ಗಾಯಕಿಗೆ ನಾವಿಟ್ಟ ಹೆಸರು. ಭಾವ ಹರೆಯದಿಂದಲೂ ಅವರ ಒಂದು ಕಛೇರಿಯನ್ನೂ ತಪ್ಪಿಸಿದವರಲ್ಲ. ಪ್ರತಿ ಸಲವೂ ಹಾಡು ಮುಗಿದ ಮೇಲೆ ಮಾತಿಲ್ಲದೆ ಒಂದು ನಮಸ್ಕಾರ ಮಾಡಿ ಬರುವರು. ಆಕೆಗೆ ಇವರ ಹೆಸರು ಗೊತ್ತಿರಲಿಲ್ಲ, ಮುಖ ಮಾತ್ರ ಚೆನ್ನಾಗಿ ಗೊತ್ತಿತ್ತು.

ಸಭಾಂಗಣ ತುಂಬಿತ್ತು. ನಾವು ಮೂವರು ನಡುವಿನ ಸಾಲಿನಲ್ಲಿ ಒಂದು ಕಂಬದ ಪಕ್ಕ, ಭಾವ ಎಂದಿನಂತೆ ಮುಂದೆ. ನನಗೆ ಅವರು ಕಾಣುತ್ತಲೂ ಇರಲಿಲ್ಲ. ದೊಡ್ಡಮ್ಮನ ದನಿ ಮೊದಲಿನಿಂದಲೇ ದಣಿದಿತ್ತು. ಆದರೂ ಅನುಭವವಲ್ಲವೇ, ದನಿ ಸಾಲದ ಕಡೆ ನಯದಿಂದ ದಾಟಿಸಿಕೊಂಡು ಹೋದರು. ಕೊನೆಯ ಹಾಡಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲಿನ ಷಡ್ಜಕ್ಕೆ ಬಂದರು. ಬಲಗೈ ಎತ್ತಿದರು, ಕಣ್ಣು ಮುಚ್ಚಿದರು, ಬಾಯಿ ತೆರೆದರು. ದನಿ ಬರಲಿಲ್ಲ.

ಒಡೆಯಲಿಲ್ಲ, ನಡುಗಲಿಲ್ಲ, ಬರಲೇ ಇಲ್ಲ. ಎತ್ತಿದ ಕೈ ಹಾಗೇ ಇತ್ತು, ತೆರೆದ ಬಾಯಿಯೂ ಹಾಗೇ ಇತ್ತು. ಪಿಟೀಲಿನವರು ಕಮಾನು ಎತ್ತಿಬಿಟ್ಟರು, ಮೃದಂಗದ ಕೈ ನಿಂತಿತು, ಹಿಂದೆ ಕೂತ ಶಿಷ್ಯೆಗೆ ದನಿಗೂಡಿಸುವ ಧೈರ್ಯವಾಗಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಉಸಿರಾಡಿದಂತೆ ಕಾಣಲಿಲ್ಲ. ದೇವರೇ, ಒಂದು ಎಳೆಯಾದರೂ ಬರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಆಗ ಮುಂದಿನಿಂದ ಯಾರೋ ಗಟ್ಟಿಯಾಗಿ "ಆಹಾ!" ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ದೊಡ್ಡಮ್ಮ ಕಣ್ಣು ತೆರೆದು ಆ ಕಡೆ ನೋಡಿದರು. ಕೈ ಮೆಲ್ಲಗೆ ಕೆಳಗಿಳಿಯಿತು. ಎದ್ದು ಕೈಮುಗಿದು, ಶಿಷ್ಯೆಯ ಭುಜ ಹಿಡಿದುಕೊಂಡು ಒಳಗೆ ನಡೆದುಬಿಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಅಳುತ್ತಿದ್ದರು. ಹೊರಗೆ ಬಂದಾಗ ಕಟ್ಟಳೆಯಂತೆ ನಾವ್ಯಾರೂ ಮಾತಾಡಲಿಲ್ಲ. ಭಾವ ಮಾತ್ರ ಮದುವಣಿಗನ ಹಾಗೆ ಬೀಗುತ್ತಿದ್ದರು. ಅವರು ದುಃಖಪಡುವ ರೀತಿ ಹಾಗಿರಬಹುದು ಎಂದುಕೊಂಡೆ. ನನ್ನ ತಲೆಯಲ್ಲಿ ಆ ಆಹಾಕಾರನನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಬೆಳಿಗ್ಗೆ ಕೂಟದಲ್ಲಿ ಅವನ ಜನ್ಮ ಜಾಲಾಡಬೇಕೆಂದು ರಾತ್ರಿಯಿಡೀ ಬೈಗುಳ ಜೋಡಿಸಿಕೊಂಡೆ.

ಬೆಳಿಗ್ಗೆ ಎಲ್ಲರೂ ಬಂದರು. ಭಾವ ಸ್ಟೂಲನ್ನು ಬೆಳಕಿಗೆ ಎಳೆದುಕೊಂಡು ಕೂತು "ಹೇಗಿತ್ತು?" ಎಂದರು.

ಯಾರಿಗೂ ನಾಲಿಗೆ ಏಳಲಿಲ್ಲ. ದೊಡ್ಡಮ್ಮನ ದನಿ ಹೋಯಿತು ಎಂಬ ಮಾತನ್ನು ಮೊದಲು ಆಡುವವರು ಯಾರು? ಮೇಷ್ಟ್ರು ಕನ್ನಡಕ ಒರೆಸಿದರು, ಡಾಕ್ಟರಮ್ಮ ಸೆರಗಿನ ಅಂಚು ನೋಡಿಕೊಂಡರು. ಭಾವ ಒಬ್ಬೊಬ್ಬರ ಮುಖವನ್ನೂ ನೋಡಿ ನೋಡಿ ಕೊನೆಗೆ ನಕ್ಕರು.

"ಗೊತ್ತಾಯ್ತು ಬಿಡಿ. ನಿಮಗೂ ಮಾತು ಹೊರಡ್ತಿಲ್ಲ. ಹೋಗ್ಲಿ, ಇವತ್ತು ನಾನೇ ಶುರು ಮಾಡ್ತೀನಿ."

ನಾವು ತಲೆಯಾಡಿಸಿದೆವು.

"ಅವರ ಮೇಲಿನ ಷಡ್ಜ ನಾನು ಎಷ್ಟು ಸಲ ಕೇಳಿಲ್ಲ! ಆದ್ರೆ ನಿನ್ನೆಯದು ಬೇರೇನೇ. ಕೈ ಎತ್ತಿ, ಕಣ್ಣು ಮುಚ್ಚಿ ಹಿಡಿದ್ರು ನೋಡಿ, ಅದೇನು ನಿಲುವು! ಪಿಟೀಲಿನವನಿಗೆ ಜೊತೆ ಕೊಡೋಕಾಗ್ಲಿಲ್ಲ, ಕಮಾನು ಎತ್ತಿಬಿಟ್ಟ. ಮೃದಂಗದವನೂ ಸೋತ. ಇಡೀ ಸಭೆ ಉಸಿರು ಬಿಗಿ ಹಿಡ್ಕೊಂಡಿತ್ತು. ಈ ವಯಸ್ಸಲ್ಲಿ ಅಷ್ಟು ಹೊತ್ತು ಒಂದೇ ಸ್ವರದ ಮೇಲೆ! ನನಗೆ ತಡ್ಕೊಳ್ಳೋಕಾಗ್ಲಿಲ್ಲ. ಹರೆಯದವರ ಹಾಗೆ ಆಹಾ ಅಂತ ಕೂಗಿಬಿಟ್ಟೆ. ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದ್ರು. ನನ್ನನ್ನೇ."

ರಾತ್ರಿ ಜೋಡಿಸಿದ್ದ ಬೈಗುಳವೆಲ್ಲ ಮರೆತೇ ಹೋಯಿತು. ಮುಂದಿನ ಸಾಲು, ಕೊನೆಯ ಮಾತು, ರಸ್ತೆಯಲ್ಲಿ ತಿರುಗದ ತಲೆ, ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬಂದು ನಿಂತವು. ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು "ಅಯ್ಯೋ ಶಿವನೇ" ಎಂದರು. ಅದು ಭಾವನಿಗೆ ಕೇಳಿಸಲಿಲ್ಲ. ಕೈ ಅಡ್ಡವಿತ್ತಲ್ಲ.

"ಅದಕ್ಕೇ ಒಂದು ಯೋಚನೆ ಮಾಡಿದೀನಿ" ಎನ್ನುತ್ತ ಭಾವ ಎದ್ದರು. "ಇಷ್ಟು ವರ್ಷ ಬರೀ ನಮಸ್ಕಾರ ಮಾಡಿ ಬಂದೆ. ಇವತ್ತು ಮನೆಗೇ ಹೋಗ್ತೀನಿ. ನಿನ್ನೆ ಹಿಡಿದ ಹಾಗೆ ನೀವು ಯಾವತ್ತೂ ಹಿಡಿದಿರಲಿಲ್ಲ ಅಂತ ಬಾಯಿ ಬಿಟ್ಟು ಹೇಳ್ತೀನಿ. ಹೇಳದೆ ಸತ್ರೆ ಪಾಪ ಬರುತ್ತೆ."

ಅವರು ಬಾಗಿಲ ಬಳಿ ಬೆನ್ನು ಹಾಕಿ ಕೂತು ಚಪ್ಪಲಿಯ ಪಟ್ಟಿ ಬಿಗಿಯತೊಡಗಿದರು. ಮೇಷ್ಟ್ರು ತಡೆಯಲೆಂದು ಗಾಬರಿಯಲ್ಲಿ ಎದ್ದರು. ಅವರ ಮೊಣಕೈ ತಗುಲಿ, ಗೋಡೆಗೆ ಒರಗಿಸಿದ್ದ ದೊಡ್ಡ ಗಾಜು ಜಾರಿ ನೆಲಕ್ಕೆ ಬಿದ್ದು ಚೂರುಚೂರಾಯಿತು. ಪಕ್ಕದ ಅಂಗಡಿಯವನು "ಏನ್ರೀ ಅದು?" ಎಂದು ಕೂಗಿದ. ಭಾವ ಎಡಗಾಲಿನ ಪಟ್ಟಿ ಮುಗಿಸಿ ಬಲಗಾಲಿನದಕ್ಕೆ ಕೈ ಹಾಕಿದರು.

ಮೇಷ್ಟ್ರು ನನ್ನ ಕಿವಿಯಲ್ಲಿ, "ಬಿಟ್ಬಿಡಿ, ಹೇಳೋದು ಬೇಡ. ಏನೋ ಒಂದು ನೆಪ ಹೇಳಿ ನಿಲ್ಲಿಸಿ" ಎಂದರು. ತಪ್ಪು ಕಂಡಲ್ಲೆಲ್ಲ ಗೆರೆ ಎಳೆಯುವ ಮೇಷ್ಟ್ರು!

"ಇವತ್ತು ನೆಪ ಹೇಳಬಹುದು, ನಾಳೆ?" ಎಂದೆ. "ಆಕೆಯ ಮುಂದೆ ನಿಂತು ಆ ಸ್ವರ ಹೊಗಳಿದ್ರೆ ಏನಾಗುತ್ತೆ ಯೋಚನೆ ಮಾಡಿ. ಒಂದು ಸಲ ಚುಚ್ಚಿ ಆಗಿದೆ, ಮತ್ತೆ ಚುಚ್ಚೋಕೆ ಮನೆ ಬಾಗಿಲಿಗೇ ಬಂದ ಅಂದ್ಕೊಳ್ಳೋದಿಲ್ವಾ?"

ನಾನು ಹೋಗಿ ಭಾವನ ಎದುರಿಗೆ, ನೆಲದ ಮೇಲೇ ಕೂತೆ. ಅವರ ಕೈ ಹಿಡಿದುಕೊಂಡೆ. ಅಕ್ಕ ತೀರಿಹೋದ ದಿನ ಹಿಡಿದದ್ದು ಬಿಟ್ಟರೆ ಮತ್ತೆಂದೂ ಹಿಡಿದಿರಲಿಲ್ಲ. ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದೆ.

"ಭಾವ, ನನ್ನ ಮುಖ ನೋಡಿ. ನಿನ್ನೆ ಆ ಷಡ್ಜ ಬರ್ಲೇ ಇಲ್ಲ. ಅವರು ಬಾಯಿ ತೆರೆದ್ರು, ದನಿ ಬರ್ಲಿಲ್ಲ."

ಅವರು ನನ್ನ ತುಟಿ ನೋಡಿದರು, ಕಣ್ಣು ನೋಡಿದರು, ಮತ್ತೆ ತುಟಿ ನೋಡಿದರು. ಆಮೇಲೆ ತಲೆಯೆತ್ತಿ ಮೇಷ್ಟ್ರ ಮುಖ, ಡಾಕ್ಟರಮ್ಮನ ಮುಖ ನೋಡಿದರು. ಡಾಕ್ಟರಮ್ಮ ಅಳುತ್ತಿದ್ದರು. ನೆಲದ ಮೇಲಿನ ಗಾಜಿನ ಚೂರುಗಳ ಮೇಲೆ ಭಾವನ ಕಣ್ಣು ಬಿತ್ತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಇದು ಯಾವಾಗ ಬಿತ್ತು?" ಎಂದು ಕೇಳಿದರು.

"ಈಗ್ತಾನೆ."

ಭಾವ ಕಣ್ಣನ್ನು ಮತ್ತೆ ಚೂರುಗಳಿಗೆ ತಿರುಗಿಸಿದರು. "ಹೇಳಿದ್ರೆ ನೀವು ಭಾನುವಾರ ಕರೆಯೋದಿಲ್ಲ ಅಂದ್ಕೊಂಡೆ" ಎಂದರು. "ಕಿವಿ ಇಲ್ಲದವನಿಗೆ ಈ ಕೂಟದಲ್ಲಿ ಏನು ಕೆಲಸ? ಹತ್ತಿ ಇಟ್ಟು ಇಟ್ಟು ಕಾಪಾಡ್ಕೊಂಡೆ ಕಣೋ. ಆ ಗಲಾಟೆಯಲ್ಲೂ ಹೋಗ್ಲಿಲ್ಲ. ಮನೇಲಿ ಸುಮ್ನೆ ಕೂತಾಗ ಹೋಯ್ತು."

ನನ್ನ ಕಣ್ಣೂ ತುಂಬಿತು. ಸಿಟ್ಟು ಮಾಡಿಕೊಂಡಾದರೂ ಅದನ್ನು ತಡೆಯೋಣವೆಂದರೆ ಸಿಟ್ಟೂ ಬರಲಿಲ್ಲ.

"ಹಾಗಾದ್ರೆ ಆ ಹೊತ್ತಲ್ಲಿ ನಿಮಗೂ ಏನೂ ಕೇಳಿಸ್ತಿರಲಿಲ್ಲ" ಎಂದರು ಭಾವ.

"ಇಲ್ಲ ಭಾವ."

"ಹೇಗಿತ್ತು?"

ಪ್ರತಿ ಭಾನುವಾರ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು. ಚಂದ ಮಾಡಿ ಹೇಳಲು ನನಗೇನೂ ಹೊಳೆಯಲಿಲ್ಲ.

"ತಡೆಯೋಕಾಗ್ಲಿಲ್ಲ" ಎಂದೆ.

"ಹ್ಞೂಂ" ಎಂದರು. "ಹಾಗೇ ಇರುತ್ತೆ."

ಆಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನನ್ನ ಆಹಾ... ಅದೊಂದೇ ಕೇಳಿಸ್ತಾ? ಅಷ್ಟು ದೊಡ್ಡ ಸಭೆಯಲ್ಲಿ?"

ನಾನು ಇಲ್ಲವೆನ್ನಬಹುದಿತ್ತು. ಆದರೆ ತಲೆ ತಾನಾಗಿ ಹೌದೆಂದಿತು.

"ಗೇಲಿ ಮಾಡ್ದೆ ಅಂದ್ಕೊಂಡಿರ್ತಾರೆ" ಎಂದು ಭಾವ ಎದ್ದು ನಿಂತರು. ಬಲಗಾಲಿನ ಪಟ್ಟಿ ಇನ್ನೂ ಬಿಚ್ಚಿಯೇ ಇತ್ತು. "ಏಳು. ಈಗಂತೂ ಹೋಗ್ಲೇಬೇಕು."

ಅಂಗಡಿಯನ್ನು ಮೇಷ್ಟ್ರಿಗೂ ಡಾಕ್ಟರಮ್ಮನಿಗೂ ಬಿಟ್ಟು ನಾವಿಬ್ಬರೇ ಹೊರಟೆವು. ದೊಡ್ಡಮ್ಮನ ಮನೆ ದೂರವೇನಲ್ಲ. ದಾರಿಯುದ್ದಕ್ಕೂ ಭಾವ ಏನೋ ಗೊಣಗಿಕೊಳ್ಳುತ್ತಿದ್ದರು, ಹೇಳಬೇಕಾದದ್ದನ್ನು ಬಾಯಿಪಾಠ ಮಾಡುವವರ ಹಾಗೆ. ಇಷ್ಟು ದಿನ ಯಾರಿಗೂ ಬಿಟ್ಟುಕೊಡದ ಗುಟ್ಟನ್ನು ಎಲ್ಲರಿಗಿಂತ ಹೆಚ್ಚಾಗಿ ಯಾರಿಂದ ಮುಚ್ಚಿಡಬೇಕಿತ್ತೋ ಅವರಿಗೇ ಹೇಳಲು ಹೊರಟಿದ್ದರು. ಬಾಗಿಲು ತೆರೆದ ಶಿಷ್ಯೆ ಭಾವನ ಮುಖ ಕಂಡದ್ದೇ ಹುಬ್ಬು ಗಂಟಿಕ್ಕಿದಳು. "ಅಮ್ಮ ಯಾರನ್ನೂ ನೋಡೋದಿಲ್ಲ. ಬಾಯಿ ತೆರೆಯೋದೇ ಬೇಡ ಅಂತ ಡಾಕ್ಟರು ಹೇಳಿದ್ದಾರೆ" ಎಂದು ಕದ ಮುಚ್ಚಲು ನೋಡಿದಳು. ಆ ಹೊತ್ತಿಗೆ ಹಿಂದೆ ದೊಡ್ಡಮ್ಮನೇ ಬಂದು ನಿಂತಿದ್ದರು. ಮನೆಯಲ್ಲಿ ಉಡುವ ಮಾಸಲು ಸೀರೆ, ಕತ್ತಿಗೆ ಸುತ್ತಿದ ಉಣ್ಣೆಯ ಬಟ್ಟೆ. ವೇದಿಕೆಯ ಮೇಲೆ ಕಾಣುತ್ತಿದ್ದುದಕ್ಕಿಂತ ಬಹಳ ಸಣ್ಣ ಹೆಂಗಸು.

ಭಾವ ನಮಸ್ಕಾರ ಮಾಡುವುದನ್ನೂ ಮರೆತರು. "ಅಮ್ಮಾ, ನಿನ್ನೆ ಕೂಗಿದವನು ನಾನೇ" ಎಂದರು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ತಮ್ಮ ದನಿಯ ಅಳತೆ ಅವರಿಗೆ ತಪ್ಪಿಹೋಗಿತ್ತು. "ನನಗೆ ಕಿವಿ ಕೇಳಿಸೋದಿಲ್ಲಮ್ಮ. ಎರಡು ವರ್ಷ ಆಯ್ತು. ನೀವು ಕೈ ಎತ್ತಿದ್ರಿ, ಹಿಂದೆ ಕೇಳಿದ್ದು ಒಳಗೆ ಇತ್ತು, ಅದೇ ಬಂತು. ನಿಮಗೆ ದನಿ ಬರಲಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ."

ದೊಡ್ಡಮ್ಮ ಅವರನ್ನೇ ನೋಡುತ್ತ ನಿಂತರು. ಶಿಷ್ಯೆ ಏನೋ ಹೇಳಹೊರಟಳು, ಆಕೆ ಕೈ ಅಡ್ಡ ಹಿಡಿದು ತಡೆದರು. ಹೊಸ್ತಿಲವರೆಗೆ ಬಂದು ಮುಖವನ್ನು ಬೆಳಕಿಗೆ ತಿರುಗಿಸಿದರು. ತುಟಿಗಳು ಅಲುಗಿದವು. ಪಿಸುದನಿಯೂ ಇರಲಿಲ್ಲ, ಬರೀ ತುಟಿ.

"ಏನಂದ್ರು?" ಎಂದು ನಾನು ಭಾವನ ತೋಳು ಜಗ್ಗಿದೆ.

"ಒಳಗೆ ಬನ್ನಿ ಅಂದ್ರು" ಎಂದ ಭಾವ ಚಪ್ಪಲಿ ಬಿಟ್ಟು ಒಳಗೆ ಹೋದರು.

ಕಿಟಕಿಯ ಪಕ್ಕ ಎದುರುಬದುರು ಕೂತು ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಡುವೆ ಒಮ್ಮೆ ದೊಡ್ಡಮ್ಮ ಕೈ ಎತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದು ಹಾಗೇ ಕೂತರು. ಭಾವ ಆಹಾ ಎನ್ನಲಿಲ್ಲ, ಕಣ್ಣೀರು ಒರೆಸಿಕೊಂಡು ಮೆಲ್ಲಗೆ ತಲೆದೂಗಿದರು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದೆ, ನನಗೇನೂ ಕೇಳಿಸಲಿಲ್ಲ.